ನದಿಯ ಕೋಹೋ ಸಾಲ್ಮನ್‌ಗೆ ಸ್ಪಿನ್ನರ್: ಯಾವ ಬ್ಲೇಡ್, ಎಷ್ಟು ತೂಕ, ಯಾವ ಬಣ್ಣ?

ಮನ್ರೋವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಾಷಿಂಗ್ಟನ್ ರಾಜ್ಯದ ಸ್ಕೈಕೋಮಿಶ್, ಸ್ನೋಕ್ವಾಲ್ಮಿ, ಗ್ರೀನ್ ನದಿಗಳಲ್ಲಿ ಈ ಸಲ ದಡದಿಂದಲೇ ಕೋಹೋ ಜಾತಿಯ ಸಾಲ್ಮನ್ ಮೀನಿಗೆ ಸ್ಪಿನ್ನರ್ (ತಂತಿಯ ಸುತ್ತ ಲೋಹದ ಬ್ಲೇಡ್ ತಿರುಗುವ, ಕೊಕ್ಕೆಯಿರುವ ನಕಲಿ ಎರೆ) ಎಸೆಯುವ ಯೋಚನೆ ಇದೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದ ತನಕ. ಕೈಯಲ್ಲಿರುವ ಸಾಮಾನು: 8 ಅಡಿ 6 ಇಂಚಿನ ಮೀಡಿಯಂ ಹೆವಿ ರಾಡ್ (3/8ರಿಂದ 1 ಔನ್ಸ್), 4000 ಸೈಜಿನ ಸ್ಪಿನ್ನಿಂಗ್ ರೀಲ್, 30 ಪೌಂಡ್ ಬ್ರೇಡ್ (ಹೆಣೆದ ದಾರ).

ಅಂಗಡಿಯಲ್ಲಿ ಬ್ಲೂ ಫಾಕ್ಸ್ ವೈಬ್ರಾಕ್ಸ್, ಮೆಪ್ಸ್ ಅಗ್ಲಿಯಾ, ಪ್ಯಾಂಥರ್ ಮಾರ್ಟಿನ್, ರೂಸ್ಟರ್ ಟೇಲ್ ಸ್ಪಿನ್ನರ್‌ಗಳೆಲ್ಲ ಸಿಗುತ್ತವೆ. ಒಂದೊಂದರಲ್ಲೂ ಐದಾರು ಸೈಜು, ಹತ್ತಾರು ಬಣ್ಣ. ಎಲ್ಲವನ್ನೂ ಕೊಳ್ಳುವುದು ಆಗದ ಮಾತು. ಹತ್ತು ಹನ್ನೆರಡು ಸ್ಪಿನ್ನರ್‌ಗಳಲ್ಲಿ ಪೆಟ್ಟಿಗೆ ಮುಗಿಸಬೇಕೆಂದರೆ ಯಾವುವು? ಮೂರು ಮುಳ್ಳಿನ ಟ್ರೆಬಲ್ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಬೇಕು ಎನ್ನುತ್ತಾರೆ, ಯಾವ ಸೈಜಿನದು, ಹೇಗೆ ಹಾಕುವುದು? ಸ್ಪಿನ್ನರ್ ಎಸೆದರೆ ದಾರ ಹುರಿಗಟ್ಟುತ್ತದೆ ಎಂಬುದಕ್ಕೆ ಪರಿಹಾರ ಏನು?

ಹೊಳೆದಂಡೆ

ಬಣ್ಣದಿಂದ ಶುರು ಮಾಡಬೇಡಿ ಸರ್. ಮೊದಲು ನೀರಿನ ವೇಗ ಮತ್ತು ಆಳ, ಆಮೇಲೆ ನೀರು ಎಷ್ಟು ತಿಳಿಯಾಗಿದೆ ಎಂಬುದು, ಬಣ್ಣ ಕೊನೆಗೆ. ಅಂಗಡಿಯ ಗೋಡೆ ನೋಡಿ ಬಣ್ಣ ಆರಿಸಿದವರ ಪೆಟ್ಟಿಗೆಯಲ್ಲಿ ಒಂದೇ ತೂಕದ ಇಪ್ಪತ್ತು ಸ್ಪಿನ್ನರ್ ಇರುತ್ತವೆ. ನದಿ ಒಂದಡಿ ಏರಿತೋ, ಅವುಗಳಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ.

ಕಾರಣ ಹೇಳುತ್ತೇನೆ. ಕಡಲಿನಿಂದ ನದಿಗೆ ಹತ್ತಿದ ಸಾಲ್ಮನ್ ಉಣ್ಣುವುದನ್ನು ಬಿಟ್ಟಿರುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ಮೊಟ್ಟೆಯಿಡುವ ಜಾಗದವರೆಗೆ ಹೋಗುತ್ತದೆ. ಕಾವೇರಿಯ ಮಹಶೀರ್ ರಾಗಿ ಉಂಡೆಯ ವಾಸನೆ ಹಿಡಿದು ಹುಡುಕಿಕೊಂಡು ಬರುವ ಲೆಕ್ಕ ಇಲ್ಲಿ ಹಿಡಿಯುವುದಿಲ್ಲ. ಕೋಹೋ ಸ್ಪಿನ್ನರ್ ಕಚ್ಚುವುದು ಸಿಟ್ಟಿನಿಂದ, ಇಲ್ಲವೇ ಕಡಲಿನಲ್ಲಿ ಬೇಟೆಯಾಡಿದ ಅಭ್ಯಾಸಬಲದಿಂದ. ಹಾಗಾಗಿ ಸ್ಪಿನ್ನರ್ ಅದರ ಮಟ್ಟದಲ್ಲಿ, ಅದರ ಮೂತಿಯ ಮುಂದೆ, ನಿಧಾನವಾಗಿ, ಬ್ಲೇಡ್ ನಿಲ್ಲದೆ ತಿರುಗುತ್ತಾ ಹಾದುಹೋಗಬೇಕು. ಒಂದು ಮೀಟರ್ ಮೇಲೆ ಹೋದರೆ ಎಂಥ ಬಣ್ಣವಾದರೂ ವ್ಯರ್ಥ.

ಇದನ್ನು ನಿರ್ಧರಿಸುವುದು ಬ್ಲೇಡಿನ ಆಕಾರ. ಕೊಲೊರಾಡೊ ಬ್ಲೇಡ್ ಹೆಚ್ಚು ಕಡಿಮೆ ದುಂಡಗಿರುತ್ತದೆ, ತಂತಿಯಿಂದ ಸುಮಾರು 50 ಡಿಗ್ರಿ ದೂರ ಚಾಚಿ ತಿರುಗುತ್ತದೆ. ತುಂಬ ನಿಧಾನಕ್ಕೆ ಎಳೆದರೂ ತಿರುಗುತ್ತದೆ, ನೀರಿಗೆ ಕೊಡುವ ಗುದ್ದು ಜೋರು. ಆದರೆ ನೀರನ್ನು ಹೆಚ್ಚು ತಳ್ಳುವುದರಿಂದ ಹರಿವು ಸಿಕ್ಕ ಕೂಡಲೇ ಮೇಲಕ್ಕೆ ಏಳುತ್ತದೆ. ವಿಲೋ ಎಲೆಯ ಆಕಾರದ್ದು ತಂತಿಗೆ ಒತ್ತಿಕೊಂಡು, ಸುಮಾರು 25 ಡಿಗ್ರಿಯಲ್ಲಿ, ವೇಗವಾಗಿ ಸುತ್ತುತ್ತದೆ. ಆಳಕ್ಕೆ ಇಳಿಯುತ್ತದೆ, ಆದರೆ ನಿಂತ ನೀರಿನಲ್ಲಿ ನಿಧಾನಕ್ಕೆ ಎಳೆದರೆ ಸತ್ತು ಬೀಳುತ್ತದೆ. ಮೆಪ್ಸ್ ಅಗ್ಲಿಯಾದ ಅಂಡಾಕಾರದ ಫ್ರೆಂಚ್ ಬ್ಲೇಡ್ ಈ ಎರಡರ ನಡುವಿನದು. ಅದೇ ಕಂಪನಿಯ ಅಗ್ಲಿಯಾ ಲಾಂಗ್ ಉದ್ದ ಎಲೆಯದು, ವೇಗದ ನೀರಿಗೆ. ಪ್ಯಾಂಥರ್ ಮಾರ್ಟಿನ್‌ನಲ್ಲಿ ತಂತಿ ಬ್ಲೇಡಿನ ಒಳಗಿಂದಲೇ ತೂರಿ ಹೋಗುತ್ತದೆ. ಬಿದ್ದ ಕೂಡಲೇ ತಿರುಗಲು ಶುರು, ಆದರೆ ದಾರಕ್ಕೆ ಹುರಿ ಹಾಕುವುದರಲ್ಲೂ ಅದೇ ಮುಂದು.

ದಡದ ಕೋಹೋಗೆ ನಾನು ವೈಬ್ರಾಕ್ಸ್ ಪರ. ಅದರ ಮೈ ಎರಡು ತುಂಡಿನ ಹಿತ್ತಾಳೆಯ ಗಂಟೆ, ಬ್ಲೇಡ್ ಸುತ್ತುವಾಗ ಒಂದಕ್ಕೊಂದು ಉಜ್ಜಿ ಕೆಳದನಿಯ ಕಂಪನ ಹುಟ್ಟುತ್ತದೆ. ಬ್ಲೇಡಿನ ಅಗಲಕ್ಕೆ ಹೋಲಿಸಿದರೆ ಮೈ ಭಾರ, ಹಾಗಾಗಿ ಮಟ್ಟ ಬಿಟ್ಟು ಏಳುವುದಿಲ್ಲ. ತೂಕ ಹೀಗಿದೆ: 3ನೇ ನಂಬರ್ 1/4 ಔನ್ಸ್ (7 ಗ್ರಾಂ), 4ನೇ ನಂಬರ್ 3/8 (10.6 ಗ್ರಾಂ), 5ನೇ ನಂಬರ್ 7/16 (12.4 ಗ್ರಾಂ), 6ನೇ ನಂಬರ್ 5/8 (17.7 ಗ್ರಾಂ). ಅಗ್ಲಿಯಾದಲ್ಲಿ 4ನೇ ನಂಬರ್ 1/3, 5ನೇ ನಂಬರ್ 1/2 ಔನ್ಸ್. ನಂಬರ್ ಒಂದೇ ಆದರೂ ಕಂಪನಿ ಬದಲಾದರೆ ತೂಕ ಬದಲು. ಯಾವಾಗಲೂ ಔನ್ಸ್ ನೋಡಿಯೇ ಕೊಳ್ಳಿ.

ನಿಮ್ಮ ರಾಡ್ 3/8ರಿಂದ ಶುರುವಾಗುವುದರಿಂದ 3ನೇ ನಂಬರಿಗೆ ಅದು ಬಾಗುವುದೇ ಇಲ್ಲ, ಎಸೆತ ಮುಂದೆ ಹೋಗದು. ಪೆಟ್ಟಿಗೆಯ ಬೆನ್ನೆಲುಬು 4 ಮತ್ತು 5ನೇ ನಂಬರ್ ಆಗಲಿ, ತಲಾ ನಾಲ್ಕು. 6ನೇ ನಂಬರ್ ಎರಡು, ಮಳೆ ಬಂದು ನೀರು ಏರಿದಾಗ. ಅಕ್ಟೋಬರ್ ಒಣಗಿ ನೀರು ತೆಳುವಾದರೆ ಬೇಕೆಂದು 3ನೇ ನಂಬರ್ ಎರಡು, ಹತ್ತಿರದ ಎಸೆತಕ್ಕೆ ಮಾತ್ರ.

ನದಿಯಲ್ಲಿ ನಿಂತು ತೂಕ ಸರಿಯೋ ಎಂದು ನೋಡುವುದು ಸುಲಭ. ಹರಿವಿಗೆ ಅಡ್ಡಲಾಗಿ, ತುಸು ಮೇಲಕ್ಕೆ ಎಸೆಯಿರಿ. ತಳ ಮುಟ್ಟುವ ತನಕ ಎಣಿಸಿ. ಮುಂದಿನ ಎಸೆತದಲ್ಲಿ ಅದಕ್ಕಿಂತ ಒಂದೆರಡು ಎಣಿಕೆ ಮೊದಲೇ ರೀಲ್ ತಿರುಗಿಸಲು ಶುರು ಮಾಡಿ. ನಿಧಾನಕ್ಕೆ ಎಳೆಯುವಾಗ ಆಗೊಮ್ಮೆ ಈಗೊಮ್ಮೆ ಕಲ್ಲಿಗೆ ತಾಗಿದರೆ ತೂಕ ಸರಿ. ಪ್ರತಿ ಎಸೆತಕ್ಕೂ ಸಿಕ್ಕಿಕೊಂಡರೆ ಒಂದು ನಂಬರ್ ಇಳಿಸಿ. ಒಮ್ಮೆಯೂ ತಾಗದಿದ್ದರೆ ಏರಿಸಿ.

ಬೆಳ್ಳಿಬಿಲ್ಲೆ

ಹೊಳೆದಂಡೆ ಅವರ ಕ್ರಮವನ್ನು ಒಪ್ಪುತ್ತೇನೆ, ಆದರೆ ಬಣ್ಣವನ್ನು ಅಷ್ಟು ಕೆಳಗೆ ತಳ್ಳುವುದನ್ನು ಒಪ್ಪಲಾರೆ. ಮಟ್ಟ ಸರಿ ಸಿಕ್ಕ ಮೇಲೆ ಅದೇ ಗುಂಡಿಯಲ್ಲಿ ಮೀನು ಕಚ್ಚುವುದನ್ನೂ ಬಿಡುವುದನ್ನೂ ತೀರ್ಮಾನಿಸುವುದು ಬ್ಲೇಡಿನ ಹೊಳಪೇ.

ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ನಿಮ್ಮ ಬೂಟಿನ ತುದಿ ನೋಡಿ. ಸ್ಪಷ್ಟವಾಗಿ ಕಂಡು, ಎರಡು ಮೀಟರ್ ಆಚೆಯ ತಳವೂ ಕಾಣುತ್ತಿದ್ದರೆ ನೀರು ತಿಳಿ. ಆಗ ಹೊಳಪು ಕಡಿಮೆ ಇರಲಿ: ಕಪ್ಪು, ತಾಮ್ರ, ಮಾಸಿದ ಹಿತ್ತಾಳೆ. ತಿಳಿನೀರು, ಮೇಲೆ ಬಿಸಿಲು, ಅದರಲ್ಲಿ ಬೆಳ್ಳಿ ಬ್ಲೇಡ್ ಮಿಂಚಿದರೆ ಕೋಹೋ ಬೆದರಿ ಪಕ್ಕಕ್ಕೆ ಸರಿಯುತ್ತದೆ. ನೀರು ಹಸಿರು ಛಾಯೆಯದಾಗಿ ಒಂದು, ಒಂದೂವರೆ ಮೀಟರ್ ತನಕ ಕಾಣುತ್ತಿದ್ದರೆ ಅದೇ ಕೋಹೋದ ನೀರು. ಬೆಳ್ಳಿ ಬ್ಲೇಡಿಗೆ ಹಳದಿಹಸಿರು, ಕಿತ್ತಳೆ ಅಥವಾ ಗುಲಾಬಿ ಗಂಟೆ ಇರುವುದನ್ನು ಹಾಕಿ. ಬೂಟೇ ಕಾಣದಷ್ಟು ರಾಡಿಯಾಗಿದ್ದರೆ ದೊಡ್ಡ ಬ್ಲೇಡ್, ಗಾಢ ಹಳದಿಹಸಿರು ಅಥವಾ ಕಿತ್ತಳೆ. ಅಲ್ಲಿ ಮೀನಿಗೆ ಕಣ್ಣಿಗಿಂತ ಮೈಬದಿಯ ಸಂವೇದನಾ ರೇಖೆಯೇ ಹೆಚ್ಚು ನೆರವಾಗುವುದು, ಹಾಗಾಗಿ ಗುದ್ದು ಜೋರಿರುವ ಅಗಲ ಬ್ಲೇಡ್ ಬೇಕು.

ಬೆಳ್ಳಿ ಬಣ್ಣದ್ದೆಲ್ಲ ಒಂದೇ ಅಲ್ಲ. ನಿಜವಾದ ಬೆಳ್ಳಿಯ ಲೇಪ ಬಿದ್ದ ಬೆಳಕಿನಲ್ಲಿ 90 ಶೇಕಡಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ಕ್ರೋಮ್ ಲೇಪ ಅದಕ್ಕಿಂತ ಬಹಳ ಕಡಿಮೆ, ನಿಕ್ಕಲ್ ಕೂಡ. ಮೋಡ ಮುಸುಕಿದ ಬೆಳಗಿನಲ್ಲಿ ನೀರೊಳಗೆ ಕ್ರೋಮ್ ಬೂದು ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಕಾಣುತ್ತದೆ. ಪೊಟ್ಟಣದ ಮೇಲೆ ಬೆಳ್ಳಿ ಲೇಪ ಎಂದು ಬರೆದಿದ್ದರೆ ಒಂದೆರಡು ಡಾಲರ್ ಹೆಚ್ಚಾದರೂ ಕೊಳ್ಳಿ. ಬೆಳ್ಳಿ ಕಪ್ಪಾಗುತ್ತದೆ, ಅಡುಗೆ ಸೋಡಾ ನೀರಲ್ಲಿ ಕಲಸಿ ಬಟ್ಟೆಯಿಂದ ಉಜ್ಜಿದರೆ ಸಾಕು.

ನದಿಗೆ ನದಿ ಬೇರೆ ಎಂಬುದೂ ನೆನಪಿರಲಿ. ಪುಯಾಲಪ್ ನದಿಗೆ ನೀರು ಬರುವುದು ಮೌಂಟ್ ರೈನಿಯರ್‌ನ ಹಿಮನದಿಗಳಿಂದ. ಮಳೆಯಿಲ್ಲದ ಬಿಸಿಲಿನ ದಿನವೇ ಹಿಮ ಹೆಚ್ಚು ಕರಗಿ ಕಲ್ಲುಹಿಟ್ಟು ತುಂಬಿ ಬೂದುಬಣ್ಣವಾಗಿ ಹರಿಯುತ್ತದೆ. ನೀವು ಹೇಳಿದ ಮೂರೂ ನದಿಗಳು ಅದಕ್ಕಿಂತ ಬಹಳ ತಿಳಿ. ಪುಯಾಲಪ್‌ನವರ ಪೆಟ್ಟಿಗೆ ನೋಡಿ ಸ್ಕೈಕೋಮಿಶ್‌ಗೆ ಬಣ್ಣ ಆರಿಸಬೇಡಿ.

ಒಂಟಿಕೊಕ್ಕೆ

ಕೊಕ್ಕೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇದರಲ್ಲಿ ಕಾನೂನೂ ಸೇರಿದೆ.

ಸಾಲ್ಮನ್ ಕಾಲದಲ್ಲಿ ವಾಷಿಂಗ್ಟನ್ನಿನ ಬಹಳಷ್ಟು ನದಿಗಳಲ್ಲಿ ಒಂದೇ ಮೊನೆಯ, ಹಿಮ್ಮುಳ್ಳಿಲ್ಲದ ಕೊಕ್ಕೆ ಕಡ್ಡಾಯ. ಕೆಲವು ಕಡೆ ಕೊಕ್ಕೆಯ ಮೊನೆಗೂ ಕಾಂಡಕ್ಕೂ ನಡುವಿನ ಅಂತರ 3/4 ಇಂಚು ಮೀರಬಾರದು, ಕೆಲವು ಕಡೆ ರಾತ್ರಿ ಗಾಳ ಹಾಕುವಂತಿಲ್ಲ. ಒಂದೇ ನದಿಯಲ್ಲಿ ಈ ಸೇತುವೆಯಿಂದ ಆ ಸೇತುವೆಗೆ ನಿಯಮ ಬೇರೆಯಾಗುತ್ತದೆ, ಋತುವಿನ ನಡುವೆ ತುರ್ತು ಆದೇಶದಿಂದಲೂ ಬದಲಾಗುತ್ತದೆ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಜಾಲತಾಣವನ್ನು ಹೊರಡುವ ದಿನ ಬೆಳಗ್ಗೆ ನೋಡಿಯೇ ಹೊರಡಿ.

ಒಂಟಿ ಕೊಕ್ಕೆಗೆ ಸಿವಾಶ್ ಎಂದು ಕೇಳಿ ತೆಗೆದುಕೊಳ್ಳಿ. ಉದ್ದ ಕಾಂಡ, ಕಣ್ಣು ತೆರೆದಿರುತ್ತದೆ. ವೈಬ್ರಾಕ್ಸ್ 4ಕ್ಕೆ 1/0 ಸೈಜಿನ ಕೊಕ್ಕೆ, 5ಕ್ಕೆ 2/0 ಹೊಂದುತ್ತದೆ. ಕಂಪನಿಯಿಂದ ಕಂಪನಿಗೆ ಅಳತೆ ತುಸು ಹೆಚ್ಚುಕಡಿಮೆ, ಸ್ಕೇಲು ಹಿಡಿದು ಅಂತರ ನೋಡಿ. ಹಾಕುವ ಬಗೆ: ಕಣ್ಣಿಗೆ ಕನ್ನಡಕ ಇರಲಿ. ಟ್ರೆಬಲ್ಲಿನ ಕಣ್ಣನ್ನು ಸೈಡ್ ಕಟರ್‌ನಿಂದ ಕತ್ತರಿಸಿ. ಸ್ಪಿನ್ನರ್ ತಂತಿಯ ಕುಣಿಕೆಯನ್ನು ಮುಟ್ಟಬೇಡಿ, ಅದನ್ನು ಬಿಚ್ಚಿ ಮತ್ತೆ ಬಾಗಿಸಿದರೆ ಅಲ್ಲೇ ಮುರಿಯುತ್ತದೆ. ಸಿವಾಶ್ ಕಣ್ಣನ್ನು ಕುಣಿಕೆಗೆ ತೂರಿಸಿ, ಇಕ್ಕಳದಿಂದ ನಿಧಾನಕ್ಕೆ ಅಮುಕಿ ಮುಚ್ಚಿ. ಒಂದೇ ಸಲ ಜೋರಾಗಿ ಅಮುಕಿದರೆ ಕಣ್ಣು ಬಿರುಕು ಬಿಡುತ್ತದೆ, ದೊಡ್ಡ ಮೀನು ಸಿಕ್ಕಾಗ ಅಲ್ಲೇ ಕಳಚುತ್ತದೆ. ಮುಚ್ಚಿದ ಮೇಲೆ ಕೊಕ್ಕೆ ಎಡಬಲಕ್ಕೆ ಸಲೀಸಾಗಿ ಆಡಬೇಕು. ಗಟ್ಟಿಯಾಗಿ ನಿಂತರೆ ಮೀನು ತಲೆ ಕೊಡವಿದಾಗ ಸನ್ನೆಗೋಲಿನ ಬಲ ಸಿಕ್ಕಿ ಮೊನೆ ಕಿತ್ತು ಬರುತ್ತದೆ.

ಹಿಮ್ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿದರೆ ನಡೆಯುತ್ತದೆ. ಹತ್ತಿಬಟ್ಟೆಗೆ ಚುಚ್ಚಿ ಹಿಂದಕ್ಕೆ ಎಳೆಯಿರಿ. ಎಲ್ಲಾದರೂ ತಡೆದರೆ ಇನ್ನೂ ಮುಳ್ಳಿದೆ, ಅರ ಹಾಕಿ ತೇಯಿರಿ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದಾಗ ಜಾರದೆ ಕಚ್ಚಬೇಕು. ಕಲ್ಲಿಗೆ ತಾಗಿದ ಪ್ರತಿ ಸಲವೂ ಇದನ್ನು ನೋಡಿ, ಕೋಹೋದ ಬಾಯಿ ಗಡಸು.

ಹಿಮ್ಮುಳ್ಳು ಇಲ್ಲದಿದ್ದರೆ ಮೀನು ತಪ್ಪುತ್ತದೆ ಎಂಬ ಭಯ ಬೇಡ. ತಪ್ಪುವುದು ದಾರ ಸಡಿಲಾದಾಗ. ಕೋಹೋ ನೀರಿನ ಮೇಲೆ ಉರುಳಾಡುವ ಮೀನು. ರಾಡನ್ನು ಎತ್ತಿ ಹಿಡಿಯದೆ ಪಕ್ಕಕ್ಕೆ ಬಾಗಿಸಿ ಎಳೆತ ಬಿಡದೆ ಹಿಡಿಯಿರಿ.

ಇನ್ನೊಂದು. ಇಟ್ಟುಕೊಳ್ಳುವ ಮುನ್ನ ಮೀನನ್ನು ಗುರುತಿಸಬೇಕು. ಕೋಹೋಗೆ ಚುಕ್ಕೆ ಬಾಲದ ಮೇಲಿನ ಅರ್ಧಕ್ಕೆ ಮಾತ್ರ, ಕೆಳದವಡೆಯ ಹಲ್ಲಿನ ಬುಡ ಬಿಳಿ. ಚಿನೂಕ್ ಎಂಬ ಇನ್ನೊಂದು ಜಾತಿಯ ಸಾಲ್ಮನ್‌ಗೆ ಬಾಲದ ಎರಡೂ ಅರ್ಧದಲ್ಲಿ ಚುಕ್ಕೆ, ಹಲ್ಲಿನ ಬುಡ ಕಪ್ಪು. ಬೆನ್ನಿನ ಮೇಲೆ ಬಾಲಕ್ಕೆ ಹತ್ತಿರದ ಸಣ್ಣ ಕೊಬ್ಬಿನ ರೆಕ್ಕೆ ಕತ್ತರಿಸಿದ್ದರೆ ಮರಿಕೇಂದ್ರದ ಮೀನು, ಹಾಗೇ ಇದ್ದರೆ ಸಾಮಾನ್ಯವಾಗಿ ಕಾಡುಮೀನು. ಯಾವುದನ್ನು ಇಟ್ಟುಕೊಳ್ಳಬಹುದು ಎಂಬುದು ಆ ನದಿಯ ನಿಯಮದಲ್ಲಿರುತ್ತದೆ. ಬಿಡಬೇಕಾದ ಸಾಲ್ಮನ್ ಅನ್ನು ನೀರಿನಿಂದ ಪೂರ್ತಿ ಮೇಲೆತ್ತುವಂತಿಲ್ಲ. ಫೋಟೋಗೆಂದು ಎತ್ತಿ ಹಿಡಿಯುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಬೆನ್ನಿಗೋ ಹೊಟ್ಟೆಗೋ ಕೊಕ್ಕೆ ಚುಚ್ಚಿಕೊಂಡು ಬಂದದ್ದನ್ನೂ ಬಿಡಲೇಬೇಕು. ಇಟ್ಟುಕೊಂಡರೆ ಆ ಕ್ಷಣವೇ ಹಿಡಿದ ಮೀನಿನ ಲೆಕ್ಕದ ಕ್ಯಾಚ್ ಕಾರ್ಡಿನಲ್ಲಿ ಬರೆಯಿರಿ. ಲೈಸೆನ್ಸ್ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31.

ಮನ್ರೋವಾಸಿ

ಮೂವರಿಗೂ ವಂದನೆ. ಇನ್ನೆರಡು ಸಂದೇಹ. ಸ್ನೋಕ್ವಾಲ್ಮಿಯ ಕೆಳಭಾಗದಂಥ ನಿಧಾನದ ನೀರಿನಲ್ಲಿ ಕೋಹೋ ಸ್ಪಿನ್ನರ್ ಹಿಂದೆಯೇ ದಡದವರೆಗೆ ಬಂದು ಕಚ್ಚದೆ ತಿರುಗಿ ಹೋಗುತ್ತದೆಯಂತೆ, ಆಗ ಏನು ಮಾಡುವುದು? ಮತ್ತೆ, ದಾರದ ಹುರಿಯ ವಿಷಯ ಯಾರೂ ಹೇಳಲಿಲ್ಲ.

ಹೊಳೆದಂಡೆ

ಹಿಂಬಾಲಿಸುವ ಮೀನು ಅರ್ಧ ಒಪ್ಪಿದ ಮೀನು. ಒಂದೇ ವೇಗದಲ್ಲಿ ಎಳೆಯುತ್ತಾ ಹೋದರೆ ಅದಕ್ಕೆ ಕಚ್ಚಲು ಕಾರಣವೇ ಸಿಗುವುದಿಲ್ಲ. ಮೂರ್ನಾಲ್ಕು ಸುತ್ತು ನಿಧಾನ, ಒಂದು ಸುತ್ತು ಚುರುಕು, ಆಮೇಲೆ ಅರೆಕ್ಷಣ ನಿಲುಗಡೆ. ನಿಲ್ಲಿಸಿದಾಗ ಬ್ಲೇಡ್ ಮಡಚಿ ಸ್ಪಿನ್ನರ್ ಒಂದು ಗೇಣು ಕುಸಿಯುತ್ತದೆ, ಮತ್ತೆ ಎಳೆದಾಗ ಬ್ಲೇಡ್ ಪಟ್ಟನೆ ತೆರೆಯುತ್ತದೆ. ಕಚ್ಚುವುದು ಹೆಚ್ಚಾಗಿ ಆ ಹೊತ್ತಿಗೆ. ಹಿಂಬಾಲಿಸುವುದು ಮತ್ತೆ ಮತ್ತೆ ಆದರೆ ಒಂದು ನಂಬರ್ ಚಿಕ್ಕದಕ್ಕೆ ಇಳಿಸಿ, ಮಂದ ಬಣ್ಣ ಹಾಕಿ. ಇಲ್ಲಿ ಬೆಳ್ಳಿಬಿಲ್ಲೆ ಅವರ ಮಾತು ಸರಿ, ನಿಧಾನದ ನೀರಿನಲ್ಲಿ ಮೀನಿಗೆ ನೋಡಿ ತೀರ್ಮಾನಿಸಲು ಸಮಯ ಇರುವುದರಿಂದ ಬಣ್ಣದ ತೂಕ ಏರುತ್ತದೆ. ಅಂಥಲ್ಲಿ ಅಗಲ ಬ್ಲೇಡಿನ ಅಗ್ಲಿಯಾ 4 ವೈಬ್ರಾಕ್ಸ್‌ಗಿಂತ ಚೆನ್ನ, ತೆವಳುವಂತೆ ಎಳೆದರೂ ತಿರುಗುತ್ತದೆ.

ಸ್ಕೈಕೋಮಿಶ್‌ನಂಥ ಓಡುವ ನೀರಿನಲ್ಲಿ ಇದರ ತದ್ವಿರುದ್ಧ. ಅಲ್ಲಿ ರೀಲ್ ಹೆಚ್ಚು ತಿರುಗಿಸಲೇಬೇಡಿ. ಅಡ್ಡಕ್ಕೆ ಎಸೆದು, ಬ್ಲೇಡ್ ತಿರುಗುವಷ್ಟು ಮಾತ್ರ ದಾರ ಬಿಗಿಹಿಡಿದು, ಹರಿವೇ ಸ್ಪಿನ್ನರನ್ನು ಕಮಾನಿನಂತೆ ಕೆಳದಂಡೆಗೆ ತರಲು ಬಿಡಿ. ಕಮಾನಿನ ಕೊನೆಯಲ್ಲಿ, ಸ್ಪಿನ್ನರ್ ನೇರ ನಿಮ್ಮ ಕೆಳಗೆ ಬಂದು ನಿಂತಾಗ, ಐದು ಎಣಿಸುವ ತನಕ ಅಲ್ಲೇ ಇರಲಿ. ನಿಂತ ಜಾಗದಿಂದ ನೇರ ಕೆಳಕ್ಕೆ ಎಸೆದು ಹರಿವಿನ ಎದುರು ಎಳೆಯುವವರಿದ್ದಾರೆ. ಸ್ಪಿನ್ನರ್ ನೀರಿನ ಮೇಲ್ಮೈಗೆ ಬಂದುಬಿಡುತ್ತದೆ.

ಹೊರಡುವ ಮುನ್ನ ನದಿಯ ಗೇಜ್ (ನೀರಿನ ಮಟ್ಟ ಅಳೆಯುವ ಕೇಂದ್ರದ ನಕ್ಷೆ) ನೋಡಿ. ಸ್ಕೈಕೋಮಿಶ್‌ಗೆ ಗೋಲ್ಡ್ ಬಾರ್, ಗ್ರೀನ್‌ಗೆ ಆಬರ್ನ್. ಶರತ್ಕಾಲದ ಮೊದಲ ದೊಡ್ಡ ಮಳೆಗೆ ಕೋಹೋ ಮೇಲೇರುತ್ತವೆ. ಗೇಜಿನ ಗೆರೆ ಏರುತ್ತಿರುವಾಗ ನೀರಲ್ಲಿ ಎಲೆ, ಕಡ್ಡಿ, ಕೆಸರು. ಏರಿ ಇಳಿಯಲು ಶುರುವಾಗಿ ನೀರು ಹಸಿರಾಗುವ ಮೊದಲೆರಡು ದಿನ ಬಿಡಬೇಡಿ.

ಸ್ವಿವೆಲ್

ಹುರಿಯ ಬಗ್ಗೆ. ಬ್ಲೇಡ್ ತಿರುಗುವುದರಿಂದಲೇ ದಾರ ಹುರಿಗಟ್ಟುವುದಲ್ಲ. ಬ್ಲೇಡಿನ ಜೊತೆ ಸ್ಪಿನ್ನರಿನ ಮೈಯೂ ತಿರುಗಿದಾಗ ಹುರಿಗಟ್ಟುತ್ತದೆ. ಟ್ರೆಬಲ್ ತೆಗೆದು ಹಗುರ ಒಂಟಿ ಕೊಕ್ಕೆ ಹಾಕಿದಾಗ ಇದು ಹೆಚ್ಚುತ್ತದೆ, ಏಕೆಂದರೆ ಮೈಯನ್ನು ಹಿಡಿದಿಡುವ ಭಾರ ಹಿಂದೆ ಕಡಿಮೆಯಾಯಿತು. ಅಗತ್ಯಕ್ಕಿಂತ ವೇಗವಾಗಿ ಎಳೆದಾಗ, ತಂತಿ ಬಾಗಿದ್ದಾಗ, ಮೀನು ದಾರ ಎಳೆದುಕೊಂಡು ಓಡುವಾಗ ನೀವು ರೀಲ್ ತಿರುಗಿಸುತ್ತಲೇ ಇದ್ದಾಗ ಕೂಡ ಹುರಿ ಸೇರುತ್ತದೆ. ಕೊನೆಯದು ಸ್ಪಿನ್ನರಿನ ತಪ್ಪೇ ಅಲ್ಲ.

ಕಟ್ಟುವ ರೀತಿ: ಬ್ರೇಡಿನ ತುದಿಗೆ ಒಳ್ಳೆಯ ಬಾಲ್ ಬೇರಿಂಗ್ ಸ್ವಿವೆಲ್ (ಎರಡು ತುದಿಯೂ ಬೇರೆ ಬೇರೆ ತಿರುಗುವ ಕೊಂಡಿ), ಅದಕ್ಕೆ 12ರಿಂದ 15 ಪೌಂಡಿನ ಮೋನೋ (ಒಂಟಿ ಎಳೆಯ ನೈಲಾನ್) ಲೀಡರ್, ಅಂದರೆ ತುದಿಯ ದಾರ, ಎರಡೂವರೆ ಅಡಿ, ತುದಿಗೆ ಸ್ಪಿನ್ನರ್ ನೇರ ಗಂಟು ಅಥವಾ ಚಿಕ್ಕ ಡ್ಯುಯೋ ಲಾಕ್ ಸ್ನ್ಯಾಪ್ (ತೆರೆದು ಮುಚ್ಚುವ ತಂತಿಕೊಂಡಿ). ಅಗ್ಗದ ಬ್ಯಾರೆಲ್ ಸ್ವಿವೆಲ್ ಭಾರ ಬಿದ್ದಾಗ ತಿರುಗುವುದೇ ಇಲ್ಲ. ಸ್ವಿವೆಲ್ಲನ್ನು ಸ್ಪಿನ್ನರಿನ ಮೂಗಿಗೇ ಹಾಕಬೇಡಿ, ಎಸೆಯುವಾಗ ಕೊಕ್ಕೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಬ್ರೇಡಿಗೆ ಪಾಲೋಮಾರ್ ಗಂಟು, ಮೋನೋಗೆ ಇಂಪ್ರೂವ್ಡ್ ಕ್ಲಿಂಚ್ ಐದು ಸುತ್ತು. ಬಿಗಿಯುವ ಮುನ್ನ ಒದ್ದೆ ಮಾಡಿ. ಲೀಡರ್ ಬ್ರೇಡಿಗಿಂತ ದುರ್ಬಲವಾಗಿರಲಿ, ಕಲ್ಲಿಗೆ ಸಿಕ್ಕಾಗ ಸ್ಪಿನ್ನರ್ ಮಾತ್ರ ಹೋಗುತ್ತದೆ, ಮೂವತ್ತು ಗಜ ಬ್ರೇಡ್ ನದಿಯಲ್ಲಿ ಉಳಿಯುವುದಿಲ್ಲ. ಡ್ರ್ಯಾಗ್ ಅನ್ನು (ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿತ) ಲೀಡರಿನ ಬಲದ ಕಾಲು ಭಾಗಕ್ಕೆ ಹೊಂದಿಸಿ: 12 ಪೌಂಡಿಗೆ 3 ಪೌಂಡ್, ಅಂದರೆ ಸುಮಾರು 1.4 ಕಿಲೋ. ಲಗೇಜ್ ತೂಗುವ ಕೈತಕ್ಕಡಿ ಸಾಕು.

ಹುರಿ ಆಗಲೇ ಸೇರಿದ್ದರೆ ಸ್ಪಿನ್ನರ್ ಬಿಚ್ಚಿ, ಬರಿ ದಾರವನ್ನು ಐವತ್ತು ಗಜ ಹರಿವಿಗೆ ಬಿಟ್ಟು ಎರಡು ನಿಮಿಷ ಕಾದು, ಬೆರಳ ನಡುವೆ ಒತ್ತಿ ಹಿಡಿದು ಸುತ್ತಿಕೊಳ್ಳಿ.

ಬ್ಲೇಡ್ ತಿರುಗದಿದ್ದರೆ ಹೊಸದು ಕೊಳ್ಳುವ ಮುನ್ನ ಮೂರು ಜಾಗ ನೋಡಿ. ಬ್ಲೇಡನ್ನು ತಂತಿಗೆ ಹಿಡಿದಿರುವ ಆ ಸಣ್ಣ ಯು ಆಕಾರದ ಕ್ಲೆವಿಸ್‌ನಲ್ಲಿ ಪಾಚಿ ಅಥವಾ ಎಲೆಯ ನಾರು ಸುತ್ತಿರುತ್ತದೆ, ಸೂಜಿಯಿಂದ ತೆಗೆಯಿರಿ. ತಂತಿ ಬಾಗಿದ್ದರೆ ಚಪ್ಪಟೆ ಇಕ್ಕಳದಲ್ಲಿ ನೇರ ಮಾಡಿ. ಬ್ಲೇಡಿನ ರಂಧ್ರದಲ್ಲಿ ಬಣ್ಣ ಗಟ್ಟಿಯಾಗಿದ್ದರೆ ಸೂಜಿಯಿಂದಲೇ ಕೆರೆಯಿರಿ. ಬ್ಲೇಡಿನ ತಗ್ಗು ಬದಿ ತಂತಿಯ ಕಡೆಗಿರಬೇಕು. ರಿಪೇರಿ ಮಾಡಿದವರು ತಿರುಗಿಸಿ ಹಾಕಿದ್ದರೆ ಅದು ಎಷ್ಟು ಎಳೆದರೂ ಏಳುವುದಿಲ್ಲ.

ಬೆಳ್ಳಿಬಿಲ್ಲೆ

ಒಂದು ಸೇರಿಸುತ್ತೇನೆ. ಈ ನದಿಗಳಿಗೆ ಬೆಸಸಂಖ್ಯೆಯ ವರ್ಷಗಳಲ್ಲಿ ಪಿಂಕ್ ಸಾಲ್ಮನ್ ದೊಡ್ಡ ಸಂಖ್ಯೆಯಲ್ಲಿ ಹತ್ತುತ್ತವೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕ. ಅವಕ್ಕೆ ಗುಲಾಬಿ ಬಣ್ಣವೇ ಬೇಕು, 3ನೇ ನಂಬರ್, ತೀರಾ ನಿಧಾನ. ಅದಕ್ಕೆ 1/4 ಔನ್ಸ್ ಎಸೆಯುವ ಹಗುರ ರಾಡ್ ಬೇಕಾಗುತ್ತದೆ. ಸಾಕ್‌ಐ ಸಾಲ್ಮನ್‌ಗೆ ಸ್ಪಿನ್ನರ್ ಎಸೆದು ಕೈ ನೋಯಿಸಿಕೊಳ್ಳಬೇಡಿ, ಅಪರೂಪಕ್ಕೆ ಕಚ್ಚೀತು. ಚಮ್ ಸಾಲ್ಮನ್ ನವೆಂಬರಿನಲ್ಲಿ ಬರುತ್ತದೆ, 5ನೇ ನಂಬರಿಗೆ ಚೆನ್ನಾಗಿಯೇ ಕಚ್ಚುತ್ತದೆ, ಆದರೆ ಈ ನದಿಗಳಲ್ಲಿ ಅದನ್ನು ಇಟ್ಟುಕೊಳ್ಳಲು ಅನುಮತಿ ಇದೆಯೇ ಎಂದು ಆ ವರ್ಷದ ನಿಯಮ ನೋಡಿಕೊಳ್ಳಿ. ಕೊಲಂಬಿಯಾ ನದಿಯ ಬಾಯಲ್ಲಿ ಚಿನೂಕ್‌ಗೆ ಫ್ಲ್ಯಾಶರ್ (ಮಿನುಗಿ ಮೀನನ್ನು ಸೆಳೆಯುವ ದೊಡ್ಡ ಪಟ್ಟಿ) ಹಿಂದೆ ದೊಡ್ಡ ಬ್ಲೇಡಿನ ಸ್ಪಿನ್ನರ್ ಕಟ್ಟಿ ಎಳೆಯುತ್ತಾರಲ್ಲ, ಅದು ದೋಣಿಯ ಕೆಲಸ. ಆ ಸ್ಪಿನ್ನರ್‌ಗಳಿಗೆ ಎಸೆಯಲು ಬೇಕಾದ ಭಾರವೇ ಇರುವುದಿಲ್ಲ. ಅಂಗಡಿಯಲ್ಲಿ ಪಕ್ಕಪಕ್ಕದಲ್ಲೇ ತೂಗುಹಾಕಿರುತ್ತಾರೆ, ನೋಡಿ ತೆಗೆದುಕೊಳ್ಳಿ.